ಹನ್ನೊಂದು ಮನೆಯ ಕೀಲಿ

ಬೀಗದ ಕಾರ್ಖಾನೆ ಮುಚ್ಚಿದ ಮೇಲೆ ಬೀಗದಣ್ಣ ಗಂಟುಮೂಟೆ ಕಟ್ಟಿಕೊಂಡು ಅಕ್ಕನ ಮನೆಗೆ ಬಂದ. ಇಪ್ಪತ್ತೆರಡು ವರ್ಷ ಕೀಲಿಗೆ ಹಲ್ಲು ಕೊರೆದವನು. ಅವನು ಒಮ್ಮೆ ಕೆಮ್ಮಿದರೆ ಮೂರು ಬೀದಿಯ ಬೀಗಗಳು ತಾವಾಗಿಯೇ ಬಾಯಿ ಬಿಡುತ್ತಿದ್ದವಂತೆ. ಮೂರು ಜಾಸ್ತಿಯಾಯಿತು ಅಂದರೆ ಎರಡು ಅಂದುಕೊಳ್ಳಿ.

ಅಕ್ಕ ಅವನ ಮುಂದೆ ತಟ್ಟೆ ಇಡುವ ಸದ್ದು ದಿನದಿಂದ ದಿನಕ್ಕೆ ಜೋರಾಯಿತು. ಕೊನೆಗೊಂದು ದಿನ ಹೇಳಿದಳು:

"ಬೀದಿ ಕಡೆ ಕೋಣೆ ಖಾಲಿ ಇದೆ. ಕೀಲಿ ಅಂಗಡಿ ಹಾಕ್ಕೋ. ಅದೂ ಆಗಲ್ಲ ಅಂದ್ರೆ ನಿನ್ನ ದಾರಿ ನೀನು ನೋಡ್ಕೋ, ತಮ್ಮಾ."

ಬೀಗದಣ್ಣನಿಗೆ ರೆಕ್ಕೆ ಬಂತು. ಗೋಡೆಗೆ ಸುಣ್ಣ ಬಳಿದ, ಹಳೆಯ ಮೇಜನ್ನು ಕಿಟಕಿಗೆ ಎಳೆದ, ಕೀಲಿ ಉಜ್ಜುವ ಅರಗಳನ್ನು ದಪ್ಪ ಸಣ್ಣ ನೋಡಿ ಸಾಲಾಗಿ ಜೋಡಿಸಿದ. ಕೈ ಪಳಗಿಸಿಕೊಳ್ಳಲು ಮನೆಮನೆಗೆ ಹೋದ.

"ನಿಮ್ಮ ಕೀಲಿ ಕೊಡಿ, ಇನ್ನೊಂದು ಮಾಡಿಕೊಡ್ತೀನಿ. ಬಿಟ್ಟಿ!"

"ಬಿಟ್ಟಿ ಅಂದ್ರೆ ನಮ್ಮತ್ತೇನೂ ಕೊಡ್ತೀನಿ ಕಣಯ್ಯಾ," ಎಂದ ಎದುರುಮನೆಯ ಡ್ರೈವರ್, "ಇನ್ನೊಂದು ಮಾತ್ರ ಮಾಡಬೇಡ!"

ಹನ್ನೊಂದು ಮನೆಯವರು ಕೊಟ್ಟರು. ಹೊಸ ಕೀಲಿಗಳು ಬೆಣ್ಣೆಯಲ್ಲಿ ಬೆರಳಿಟ್ಟಂತೆ ತಿರುಗಿದವು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಆದರೆ ಬೀಗದಣ್ಣ ಪ್ರತಿ ಮನೆಗೂ ಎರಡೆರಡು ಮಾಡಿ, ಒಂದನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಯಾರಾದರೂ ಕೀಲಿ ಕಳೆದುಕೊಂಡು ಬೀದಿಯಲ್ಲಿ ನಿಂತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೈಗಿಡಬೇಕು, ಅಂಗಡಿ ಅಂದರೆ ಹಾಗಿರಬೇಕು ಅಂತ ಅವನ ಆಸೆ. ಒಂದು ಹಲಗೆಗೆ ನೀಲಿ ಬಣ್ಣ ಬಳಿದು, ಹನ್ನೊಂದು ಮೊಳೆ ಹೊಡೆದು ಕೀಲಿಗಳನ್ನು ತೂಗುಹಾಕಿದ. ಪ್ರತಿಯೊಂದರ ಕೆಳಗೂ ಯಾರ ಮನೆಯದು, ಯಾವ ಬಾಗಿಲಿನದು ಎಂದು ದುಂಡಗೆ ಬರೆದ. ಅಂಗಡಿ ತೆರೆಯುವ ಹಿಂದಿನ ಸಂಜೆ ಎಲ್ಲರನ್ನೂ ಚಹಾಕ್ಕೆ ಕರೆದು, ಹಲಗೆಯ ಮೇಲಿನ ಬಟ್ಟೆ ಸರಿಸಿದ.

"ಅರೆ, ನಮ್ಮನೆ ನಿನ್ನ ಗೋಡೆ ಮೇಲಿದೆಯಲ್ಲೋ!" ಡ್ರೈವರ್ ನಕ್ಕ. ಜೊತೆಗೆ ಯಾರೂ ನಗಲಿಲ್ಲ. ಅವನ ನಗುವೂ ಅರ್ಧಕ್ಕೇ ಇಂಗಿತು.

ಪಕ್ಕದ ಮನೆಯ ಟೀಚರಮ್ಮ ಲೋಟ ಕೆಳಗಿಟ್ಟರು. "ಇದನ್ನ ನಾವು ಕೇಳಿರಲಿಲ್ಲವಲ್ಲಪ್ಪಾ. ನಾನು ಒಬ್ಬಳೇ ಇರೋಳು."

"ನಿಮಗೋಸ್ಕರಾನೇ ಟೀಚರಮ್ಮ, ಕಷ್ಟಕಾಲಕ್ಕೆ ಬೇಕಾಗುತ್ತೆ ಅಂತ..." ಬೀಗದಣ್ಣ ಗಡಬಡಿಸಿ ಕೀಲಿಗಳನ್ನೆಲ್ಲ ಕಿತ್ತು ಅವರವರ ಕೈಗೆ ತುರುಕಿದ. "ತಗೊಳ್ಳಿ, ಎಲ್ಲಾ ತಗೊಳ್ಳಿ. ನನ್ನ ಹತ್ರ ಒಂದೂ ಇಲ್ಲ."

"ಇಲ್ಲ ಅಂತ ನಮಗೆ ಹ್ಯಾಗಪ್ಪಾ ಗೊತ್ತಾಗಬೇಕು?" ಎಂದರು ಟೀಚರಮ್ಮ. ಬೈಗುಳವಲ್ಲ, ಮೆಲ್ಲಗೇ ಕೇಳಿದರು. ಬೈದಿದ್ದರೆ ಬೀಗದಣ್ಣ ಕಾಲಿಗೆ ಬಿದ್ದಾದರೂ ಬದುಕಿಕೊಳ್ಳುತ್ತಿದ್ದ.

ಮಾರನೆಯ ದಿನ ಅಂಗಡಿಯ ಬಾಗಿಲು ತೆರೆಯಿತು. ಪೇಟೆಯಿಂದ ಇನ್ಯಾವನೋ ಬೀಗದವನು ಸೈಕಲ್ಲಿನಲ್ಲಿ ಬಂದು, ಟೀಚರಮ್ಮನ ಮನೆಯಿಂದ ಶುರುಮಾಡಿ ಹನ್ನೊಂದು ಮನೆಗೂ ಹೊಸ ಬೀಗ ಹಾಕಿದ. ಇಡೀ ದಿನ ಸುತ್ತಿಗೆ ಸದ್ದು. ಆ ಬೀದಿ ಹುಟ್ಟಿದಾಗಿನಿಂದ ಅಷ್ಟು ಬೀಗ ಒಂದೇ ದಿನ ಖರ್ಚಾಗಿರಲಿಲ್ಲ. ಅಕ್ಕ ಎರಡು ಸಲ ಬಂದು ಇಣುಕಿ, ಗಿರಾಕಿಗೆಂದು ಇಟ್ಟ ಖಾಲಿ ಸ್ಟೂಲು ನೋಡಿಕೊಂಡು ಒಳಗೆ ಹೋದಳು.

ಇಳಿಹೊತ್ತಿಗೆ ಗುರುತಿಲ್ಲದ ಗಂಡಸೊಬ್ಬ ಬಂದು ಕೀಲಿಯೊಂದನ್ನು ಮೇಜಿನ ಮೇಲಿಟ್ಟ. ಬೀಗದಣ್ಣ ಉಸಿರು ಬಿಗಿಹಿಡಿದು ಅರ ಉಜ್ಜಿದ. ಜನ್ಮದಲ್ಲೇ ಅಂಥ ಕೀಲಿ ಮಾಡಿರಲಿಲ್ಲ. ಬೀಗವಿಲ್ಲದ ಬಾಗಿಲನ್ನೂ ತೆಗೆಯುವಂತಿತ್ತು.

ಆ ಮನುಷ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಒಂದೇ ತಾನೇ ಮಾಡಿದ್ದು?"

ಬೀಗದಣ್ಣ ಎರಡೂ ಅಂಗೈ ಬಿಚ್ಚಿ ತೋರಿಸಿದ. ಆ ಮನುಷ್ಯನ ಕಣ್ಣು ಅಂಗೈಯಿಂದ ಅಂಗಿಯ ಜೇಬಿಗೆ ಹೋಯಿತು.

ಒಳಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಅವಳ ಕಣ್ಣೆದುರೇ ಬೀಗದಣ್ಣ ಜೇಬಿನ ಒಳಭಾಗವನ್ನು ಹೊರಗೆಳೆದು, ಕೊಡವಿ ತೋರಿಸಿದ.