ವಂದನಾರ್ಪಣೆ ಇಲ್ಲದ ಸಭೆ

ನಮ್ಮ ಸೇವಾ ಸಂಘದಲ್ಲಿ ಇಪ್ಪತ್ತೊಂದು ವರ್ಷಗಳಿಂದ ವಂದನಾರ್ಪಣೆ ಮಾಡುತ್ತಿದ್ದವನು ನಾನು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇದೆ. ಆದರೆ ನನಗೆ ಅಂತ ಒಂದು ಮರ್ಯಾದೆ ಇದ್ದರೆ ಅದು ಆ ಮೈಕಿನ ಮುಂದೆ ಮಾತ್ರ. ಕುರ್ಚಿ ಕೊಟ್ಟವರು, ಮೈಕು ಕಟ್ಟಿದವರು, ನೆಲ ಗುಡಿಸಿದವರು, ಎಲ್ಲರನ್ನೂ ನೆನೆಯುತ್ತೇನೆ. ಒಮ್ಮೆ ಕುರ್ಚಿಯವನನ್ನು ಮರೆತಿದ್ದೆ. ಮುಂದಿನ ಸಭೆಗೆ ಆ ಪುಣ್ಯಾತ್ಮ ಕಾಲು ಅಲ್ಲಾಡುವ ಕುರ್ಚಿಗಳನ್ನೇ ಆರಿಸಿ ಕಳಿಸಿದ.

ನಾನು “ಈಗ ವಂದನಾರ್ಪಣೆ” ಎನ್ನುತ್ತಿದ್ದ ಹಾಗೇ ಜನ ಜಾಗ ಖಾಲಿ ಮಾಡುತ್ತಾರೆಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಮೊದಲು ಹಿಂದಿನ ಸಾಲು, ಆಮೇಲೆ ನಡುವಿನದು. ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿ ಚಹಾ ಬಗ್ಗಿಸುತ್ತಿರುತ್ತಿದ್ದಳು. ಎಲ್ಲರ ಕಾಲೂ ಆ ಕಡೆಗೇ. ಕೇಳಲಿ ಬಿಡಲಿ, ಹೇಳುವುದು ನನ್ನ ಕೆಲಸ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತಿತ್ತು.

ಈ ವರ್ಷ ಹಲ್ಲಿನ ಡಾಕ್ಟರಮ್ಮ ಅಧ್ಯಕ್ಷೆಯಾದರು. ಚಿಕ್ಕ ವಯಸ್ಸು, ಚುರುಕು ಕೈ. ಬಂದ ವಾರವೇ ನಮ್ಮ ಪದ್ಧತಿಗಳನ್ನೆಲ್ಲ ಹುಳುಕು ಹಲ್ಲು ನೋಡುವ ಹಾಗೆ ಒಂದೊಂದಾಗಿ ತಟ್ಟಿ ನೋಡಿದರು. ಇನ್ನು ಮೇಲೆ ಚಹಾ ಹೊರಗಿನಿಂದ ತರಿಸುವುದು, ಸಭೆಗೆ ಮೊದಲೇ ಕೊಟ್ಟುಬಿಡುವುದು ಎಂದರು. ಅದಕ್ಕೆ ನಾನೂ ಕೈ ಎತ್ತಿದೆ. ಆಮೇಲೆ ನನ್ನ ಕಡೆ ತಿರುಗಿದರು.

“ವಂದನಾರ್ಪಣೆ ಇನ್ನು ಬೇಡ ಸರ್. ಎಲ್ಲರ ಹೆಸರು ಹಾಕಿ ಫೋನಿಗೆ ಒಂದು ಮೆಸೇಜ್ ಕಳಿಸ್ಬಿಡೋಣ. ನಿಮಗೂ ಶ್ರಮ ತಪ್ಪುತ್ತೆ.”

“ನನಗೇನೂ ಶ್ರಮ ಇಲ್ಲಮ್ಮ.”

“ಕೇಳೋರಿಗೆ ಇದೆಯಲ್ಲ ಸರ್,” ಎಂದರು, ನಗುನಗುತ್ತಲೇ. ಮರಗಟ್ಟಿಸುವ ಇಂಜೆಕ್ಷನ್ ಕೂಡ ಕೊಡದೆ ಕಿತ್ತರು.

ಮೂರು ದಿನ ಅಂಗಡಿಗೆ ಬಂದವರ ಮೇಲೆಲ್ಲ ರೇಗಿದೆ. ಕೊನೆಗೆ ಹೆಂಡತಿಗೆ ಹೇಳಿದೆ, “ಭಾನುವಾರದ ಸಭೆಯೇ ಕೊನೆ. ಆಮೇಲೆ ಆ ಸಂಘದ ಕಡೆ ತಲೆ ಹಾಕಿಯೂ ಮಲಗಲ್ಲ.”

“ಈಗ ಗೋಡೆ ಕಡೆ ತಲೆ ಹಾಕಿ ಮಲ್ಗಿ,” ಎಂದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಮುಂದಿನ ತಿಂಗಳು ಕಣ್ಣಿನ ತಪಾಸಣೆ, ಅದರಾಚೆ ರಕ್ತದಾನ, ಆಮೇಲೆ ಬಸ್ ನಿಲ್ದಾಣದ ರಸ್ತೆಗೆ ಗಿಡಗಳು. ಡಾಕ್ಟರಮ್ಮ ಪರದೆಯ ಮೇಲೆ ಚಿತ್ರ ತೋರಿಸಿ ಹತ್ತೇ ನಿಮಿಷದಲ್ಲಿ ಎಲ್ಲ ವಿವರಿಸಿದರು. ಚೆನ್ನಾಗಿಯೇ ಇತ್ತು, ಹಾಳಾಗಲಿ. ಮುಖ್ಯ ಅತಿಥಿಯಾಗಿ ಬಂದಿದ್ದ ನಿವೃತ್ತ ಹೆಡ್ ಮಾಸ್ತರರು ಅರ್ಧ ಗಂಟೆ ಮಾತಾಡಿದರು. “ಇಲ್ಲಿಗೆ ಸಭೆ ಮುಗಿಯಿತು,” ಎಂದು ಅಧ್ಯಕ್ಷೆ ಘೋಷಿಸಿದರು. ಎಲ್ಲರ ಜೇಬಿನಲ್ಲೂ ಫೋನು ಟಿಂಗ್ ಎಂದಿತು.

ಯಾರೂ ಏಳಲಿಲ್ಲ.

ಏಳುವುದಾದರೂ ಹೇಗೆ? ವೇದಿಕೆಯ ಮೇಲೆ ಅತಿಥಿ ಕೂತಿರುವಾಗ ಮೊದಲು ಎದ್ದು ಕೆಟ್ಟವನೆನಿಸಿಕೊಳ್ಳುವವರು ಯಾರು? ಇಷ್ಟು ವರ್ಷ ಅವರು ನನ್ನ ಮಾತಿನ ಮರೆಯಲ್ಲೇ ಜಾರಿಕೊಂಡು ಅಭ್ಯಾಸ. ಒಬ್ಬರ ಮುಖ ಒಬ್ಬರು ನೋಡುತ್ತ ಗಟ್ಟಿಯಾಗಿ ಕೂತರು.

ಹೆಡ್ ಮಾಸ್ತರರು ಇದನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು. ಎದ್ದು ಮತ್ತೆ ಮೈಕು ಹಿಡಿದರು. “ನಿಮ್ಮ ಆಸಕ್ತಿ ನೋಡಿದ್ರೆ ಇನ್ನೆರಡು ಮಾತು ಹೇಳ್ಬೇಕು ಅನ್ನಿಸ್ತಿದೆ.”

ಆ ಎರಡು ಮಾತಿಗೆ ನಲವತ್ತು ನಿಮಿಷ ಹಿಡಿಯಿತು. ಮುಗಿದಾಗ ಜನ ಬದುಕಿದೆವು ಎಂದು ಜೋರಾಗಿ ಚಪ್ಪಾಳೆ ತಟ್ಟಿದರು. ಅದೇ ತಪ್ಪಾಯಿತು. ಅವರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ತಮ್ಮ ಬಾಲ್ಯಕ್ಕೆ ಹೋದರು.

ಡಾಕ್ಟರಮ್ಮ ಬಗ್ಗಿಕೊಂಡು ನನ್ನ ಕುರ್ಚಿಯ ಬಳಿ ಬಂದರು. “ಸರ್, ದಯವಿಟ್ಟು ವಂದನಾರ್ಪಣೆ ಮಾಡ್ಬಿಡಿ.”

“ಮೆಸೇಜ್ ಹೋಗಿದೆಯಲ್ಲಮ್ಮ.”

“ತಪ್ಪಾಯ್ತು ಸರ್. ಹನ್ನೊಂದೂವರೆಗೆ ಬರೋಕೆ ಹೇಳಿದ್ದೆ, ಕ್ಲಿನಿಕ್‌ನಲ್ಲಿ ಪೇಷಂಟ್ ಕಾಯ್ತಿದಾರೆ. ಇವರು ಇನ್ನೂ ಮೂರನೇ ಕ್ಲಾಸಲ್ಲಿದಾರೆ!”

ಸ್ವಲ್ಪ ಸತಾಯಿಸಬೇಕಿತ್ತು. ಆದರೆ ನನ್ನ ನಾಚಿಕೆಗೆಟ್ಟ ಕಾಲುಗಳು ಆಗಲೇ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದವು. ಹೆಡ್ ಮಾಸ್ತರರ ಕೈಯಿಂದ ಮೈಕು ಬಿಡಿಸಿಕೊಂಡು, ಅಭ್ಯಾಸಬಲದಿಂದ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ ಹೆಸರುಗಳ ಚೀಟಿ ತೆಗೆದು “ಈಗ ವಂದನಾರ್ಪಣೆ” ಎಂದೆ.

ಶಾಲೆಯ ಕೊನೆಯ ಗಂಟೆ ಹೊಡೆದ ಹಾಗಾಯಿತು. ಡಾಕ್ಟರಮ್ಮ ಅತಿಥಿಯ ತೋಳು ಹಿಡಿದು ನಡೆಸಿಕೊಂಡೇ ಹೋದರು. ನಾನು ಕುರ್ಚಿಯವನ ಹೆಸರು ಹೇಳುವಷ್ಟರಲ್ಲಿ ಸಭಾಂಗಣ ಬರಿದಾಗಿತ್ತು. ಆಗ ನನಗೆ ಸರಿಯಾಗಿ ಅರ್ಥವಾಯಿತು. ಇವರಿಗೆ ಬೇಕಾಗಿದ್ದದ್ದು ನಾನಲ್ಲ, ಬಾಗಿಲು. ಇಪ್ಪತ್ತೊಂದು ವರ್ಷ ನಾನು ಬಾಗಿಲಾಗಿದ್ದೆ. ದುಃಖ ಒತ್ತರಿಸಿ ಬಂತು. ಓದುತ್ತಿದ್ದ ಅಕ್ಷರಗಳು ಮಂಜಾದವು.

ತಲೆ ಎತ್ತಿದರೆ ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಳು. ಚಹಾದ ಕೆಲಸವಿಲ್ಲದ್ದರಿಂದ ಇಂದು ಮೊದಲ ಸಲ ಒಳಗೆ ಬಂದು ಕೂತಿದ್ದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಪಟ್ಟಿಯಲ್ಲಿ ಅವಳು ಒಂದು ವರ್ಷವೂ ಇರಲಿಲ್ಲ.

ಚೀಟಿ ಮಡಚಿದೆ. “ಇಷ್ಟು ವರ್ಷ ಆ ಕೋಣೆಯಲ್ಲಿ ನಿಂತು ಎಲ್ಲರಿಗೂ ಚಹಾ ಕೊಟ್ಟ ನನ್ನ ಹೆಂಡತಿಗೆ...” ಎಂದು ಶುರು ಮಾಡಿ, ಹೇಗೋ ಮುಗಿಸಿದೆ.

ಅವಳು ಕಿವಿಗೆ ಕೈ ಹಿಡಿದಳು. “ರೀ, ಮೈಕಿನವನು ಆಗಲೇ ವೈರು ಕಿತ್ಕೊಂಡು ಹೋದ. ಒಂದಕ್ಷರ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಇನ್ನೊಂದು ಸಲ ಹೇಳಿ ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ಕೆಳಗಿಳಿದು ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ಚೀಟಿ ಬಿಡಿಸಿ, ಮೊದಲಿನಿಂದ ಆರಂಭಿಸಿದೆ. “ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ...”

“ಅದೆಲ್ಲ ಬಿಡಿ,” ಎಂದಳು. “ಚಹಾ ಕೋಣೆ ಅಂದ್ರಲ್ಲ, ಅಲ್ಲಿಂದ ಹೇಳಿ.”