ಚಹಾ ಇಳಿಯುವಷ್ಟು ಹೊತ್ತು

ನನ್ನ ತಮ್ಮನ ಹೆಂಡತಿ ಜೆಬಿನಿಸೊ ಮೈಗಳ್ಳಿಯಲ್ಲ. ಬೆಳಗಿನಿಂದ ಕತ್ತಲಾಗುವವರೆಗೂ ಓಡಾಡುತ್ತಲೇ ಇರುತ್ತಾಳೆ. ಆದರೆ ಹಿಡಿದ ಕೆಲಸ ಒಂದೂ ಮುಗಿಯುವುದಿಲ್ಲ. ಮನೆಯ ಗೋಡೆಗೆ ಅರ್ಧ ಸುಣ್ಣ. ಗಂಡನಿಗೆ ಹೆಣೆದ ಉಣ್ಣೆಯ ಕಾಲುಚೀಲ ಒಂದೇ ಕಾಲಿಗೆ. ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅವಳ ಮಗಳು ಚಾರೋಸ್‌ಗೆ ಮದುವೆ ಗೊತ್ತಾಯಿತು. ನಮ್ಮೂರು ನುರೊತಾದಲ್ಲಿ ಮದುಮಗಳ ಕೋಣೆಯ ಗೋಡೆಗೆ ತಾಯಿ ಕಸೂತಿ ಹಾಕಿದ ಸುಜಾನಿ ಎಂಬ ದೊಡ್ಡ ಬಟ್ಟೆಯನ್ನು ತೂಗುಹಾಕಬೇಕು. ಜೆಬಿನಿಸೊ ಅದನ್ನು ಶುರು ಮಾಡಿದ್ದು ಚಾರೋಸ್ ತೊಟ್ಟಿಲಲ್ಲಿದ್ದಾಗ. ಇಷ್ಟು ವರ್ಷಕ್ಕೆ ಅರಳಿದ್ದು ಒಂದು ದಾಳಿಂಬೆ ಹೂವು.

"ಬಿಡಮ್ಮ, ಪೇಟೇಲಿ ಮೆಷಿನ್‌ದು ಸಿಗುತ್ತೆ, ತರೋಣ" ಎಂದಳು ಚಾರೋಸ್. ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ತಾಯಿ ಮಾತ್ರ ಹಿತ್ತಿಲಿಗೆ ಹೋಗಿ ಅತ್ತಳು.

"ಅತ್ತಿಗೆ, ನನ್ನ ಕೈಯಲ್ಲಿ ಆಗುತ್ತಾ?" ಎಂದು ನನ್ನನ್ನು ಕೇಳಿದಳು.

"ಕೂತರೆ ಆಗುತ್ತೆ. ನೀನು ಕೂರೋದು ಯಾವಾಗ?"

ಒಂದು ಮಧ್ಯಾಹ್ನ ಅವಳನ್ನು ಎದುರಿಗೆ ಕೂರಿಸಿಕೊಂಡೆ. ದಾರ ತರುತ್ತೇನೆಂದು ಎದ್ದವಳು ಬರಲಿಲ್ಲ. ಹುಡುಕಿಕೊಂಡು ಹೋದರೆ ಪಕ್ಕದ ಮನೆಯ ಅಂಗಳದಲ್ಲಿ ಏಪ್ರಿಕಾಟ್ ಬೀಜ ತೆಗೆಯುತ್ತಿದ್ದಳು. ಬಾಯಿಗೆ ಬಂದಂತೆ ಬೈದೆ. ಬೈಗುಳದಿಂದ ಒಂದು ಹೊಲಿಗೆಯೂ ಬೀಳಲಿಲ್ಲ.

ಆಮೇಲೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಚಹಾವನ್ನು ಬಟ್ಟಲಿಗೆ ಸುರಿದು, ಮೂರು ಸಲ ಕೂಜೆಗೆ ವಾಪಸ್ ಹಾಕಿ, ಬಟ್ಟೆ ಮುಚ್ಚಿಟ್ಟ ಮೇಲೆ, ಸೊಪ್ಪಿನ ರಸ ನೀರಿಗೆ ಇಳಿಯುವವರೆಗೆ ಅವಳು ಕದಲುವುದಿಲ್ಲ. ಯಾರಾದರೂ ಕೂಜೆ ಮುಟ್ಟಿಯಾರೆಂದು ಕಾವಲು ಕೂರುತ್ತಾಳೆ. ದಿನಕ್ಕೆ ಎಷ್ಟೋ ಸಲ.

ಸುಜಾನಿ ಎಂದರೆ ಮೂರು ಪಟ್ಟಿ ಕೂಡಿಸಿದ ಬಟ್ಟೆ. ನಾನು ಕತ್ತರಿ ತಂದು ಪಟ್ಟಿಗಳನ್ನು ಬೇರ್ಪಡಿಸಿದೆ.

"ಅಕ್ಕಪಕ್ಕದ್ದು ಎರಡು ನನಗೆ. ನಡುವಿನದು ನಿನ್ನದು, ಕೂಜೆ ಪಕ್ಕದಲ್ಲೇ ಇರಲಿ. ಸೂಜಿಗೆ ದಾರ ಪೋಣಿಸಿಯೇ ಇಡು. ಚಹಾ ಇಳಿಯೋವರೆಗೆ ಮಾತ್ರ ಹೊಲಿ. ಆಮೇಲೂ ಹೊಲಿದರೆ ಕೈ ಮುರೀತೀನಿ."

"ಅಷ್ಟೇನಾ?" ಎಂದು ನಕ್ಕಳು.

"ಅಷ್ಟೇ."

ಅವಳ ಪಟ್ಟಿಯಲ್ಲಿ ಎಲೆ ಮೂಡಿತು, ಬಳ್ಳಿ ಹಬ್ಬಿತು. ನಡುವೆ ತವರಿನಲ್ಲಿ ಯಾವುದೋ ಸಮಾರಂಭಕ್ಕೆ ಹೋಗಿ ಬಂದವಳು ಮುಖ ಸಣ್ಣದು ಮಾಡಿಕೊಂಡು ನಿಂತಳು.

"ತಪ್ಪಿಹೋಯ್ತು ಅತ್ತಿಗೆ. ಅಲ್ಲಿ ಸೂಜಿ ಮುಟ್ಟಲೇ ಇಲ್ಲ. ಎಲ್ಲ ಹಾಳಾಯ್ತು."

"ಅಲ್ಲಿ ಒಲೆ ಹಚ್ಚಲಿಲ್ಲ ಅಂತ ಇಲ್ಲಿ ಹಚ್ಚೋದು ಬಿಡ್ತೀಯಾ? ನೀರಿಡು ಹೋಗು."

ನೀರಿಟ್ಟಳು. ಸೂಜಿಯನ್ನೂ ಹಿಡಿದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮೂರು ಪಟ್ಟಿಗಳನ್ನೂ ನೆಲದ ಮೇಲೆ ಹಾಸಿದೆವು. ಪಟ್ಟಿಗಳು ಸೇರುವಲ್ಲಿ ಹೂವುಗಳು ಕೂಡಲಿಲ್ಲ. ಅವಳ ಅರ್ಧ ದಾಳಿಂಬೆ ಒಂದು ಕಡೆ, ನನ್ನ ಅರ್ಧ ದಾಳಿಂಬೆ ಬೆರಳಗಲ ಮೇಲೆ.

ಜೆಬಿನಿಸೊ ಬಿಳಿಚಿಕೊಂಡಳು. "ನಂದೇ ತಪ್ಪು. ಬಿಚ್ಚಿ ಹೊಸದಾಗಿ ಹೊಲೀತೀನಿ" ಎಂದು ಕತ್ತರಿಗೆ ಕೈ ಹಾಕಿದಳು. ಬಿಚ್ಚಿದರೆ ಮುಗಿಯಿತು, ಅದು ಇನ್ನೊಂದು ತೊಟ್ಟಿಲಿನವರೆಗೆ ಹಾಗೇ ಬಿದ್ದಿರುತ್ತದೆ. ನಾನು ಕತ್ತರಿಯ ಮೇಲೆ ಕೂತುಬಿಟ್ಟೆ.

ಚಾರೋಸ್ ಮಂಡಿಯೂರಿ ಪಟ್ಟಿಗಳನ್ನು ಗೇಣು ಹಾಕಿ ಅಳೆದಳು.

"ಅಮ್ಮಂದು ಸರಿಯಾಗೇ ಇದೆ. ಅತ್ತೆ, ನಿಮ್ಮ ಎರಡೂ ಕುಗ್ಗಿವೆ. ದಾರಾನ ಇಷ್ಟು ಬಿಗಿಯಾಗಿ ಎಳೆದಿದ್ದೀರಲ್ಲ, ಯಾರ ಮೇಲೆ ಸಿಟ್ಟು?"

"ನಿಮ್ಮಮ್ಮನ ಮೇಲೆ. ಇನ್ಯಾರ ಮೇಲೆ?"

ಜೆಬಿನಿಸೊ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಗಾದರೆ ನಿಮ್ಮದನ್ನೇ ಬಿಚ್ಚೋಣವಾ ಅತ್ತಿಗೆ?"

"ಮುಟ್ಟಿ ನೋಡು."

"ಯಾರದ್ದೂ ಬಿಚ್ಚಬೇಡಿ. ಹಿಂಗೇ ತೂಗುಹಾಕಿ, ನನಗೆ ಇದೇ ಬೇಕು" ಎಂದಳು ಚಾರೋಸ್.

ಪಟ್ಟಿಗಳನ್ನು ಕೂಡಿಸಿ ಕೊನೆಯ ಗಂಟು ಹಾಕಿದವಳು ಜೆಬಿನಿಸೊ. ಏಣಿ ಹತ್ತಿ ಮೊಳೆ ಹೊಡೆದವಳೂ ಅವಳೇ. ಹೊರಗೆ ಪಲಾವಿನ ಹಂಡೆ ಬಂತೆಂದು ಕೂಗಿದರು, ಇನ್ನಾರೋ ಹೆಸರು ಹಿಡಿದು ಕರೆದರು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದವಳು ಓಗೊಡಲಿಲ್ಲ. ಆ ತುದಿಯ ಮೊಳೆಯನ್ನೂ ಹೊಡೆದ ಮೇಲೆಯೇ ಇಳಿದಳು.