ಮಾಸಣ್ಣನ ಎಂಟು ಸಾಲು

ಗುರುಸಾಮಿಗೆ ಆ ಪುಸ್ತಕ ಸಾಕುಸಾಕಾಗಿಹೋಗಿತ್ತು. ಇನ್ನೂ ಅಚ್ಚೇ ಆಗದ ಪುಸ್ತಕ ಒಬ್ಬ ಮನುಷ್ಯನನ್ನು ಇಷ್ಟು ಹೈರಾಣು ಮಾಡುತ್ತದೆಂದು ಮೊದಲೇ ಗೊತ್ತಿದ್ದರೆ, ಬೊಮ್ಮಯ್ಯ ಗೌಡರು ಹೇಳಿಕಳಿಸಿದ ದಿನ ಜ್ವರ ಬಂದಿದೆ ಎಂದು ಹೊದ್ದು ಮಲಗಿಬಿಡುತ್ತಿದ್ದ.

ಉತ್ತಮಪಾಳಯಂ ಪಕ್ಕದ ಆ ಊರಿನಲ್ಲಿ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದವನು ಅವನೊಬ್ಬನೇ; ಊರಿಗೆಲ್ಲ ಅವನು ವಾತ್ತಿಯಾರ್, ಅಂದರೆ ಮೇಷ್ಟರು. ಮನೆಮಾತು ಕನ್ನಡ, ತಿದ್ದಿಸುವ ಅಕ್ಷರ ತಮಿಳು. ಕನ್ನಡದ ಅಕ್ಷರ ಹೇಗಿರುತ್ತದೆಂದು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಪೆರಿಯಾರ್ ಅಣೆಯ ನೀರು ಕಣಿವೆಗೆ ಇಳಿದು ಎರಡು ವರ್ಷವಾಗಿತ್ತು. ಒಂದು ಬೆಳೆ ಬರುತ್ತಿದ್ದ ಕಡೆ ಎರಡು ಬೆಳೆ ಬಂತು, ಊರ ಹಿರಿಯ ಬೊಮ್ಮಯ್ಯ ಗೌಡರ ಮನೆಗೆ ಹೆಂಚು ಬಂತು, ಹೆಂಚಿನ ಬೆನ್ನಿಗೇ ಮರ್ಯಾದೆಯ ಚಿಂತೆಯೂ ಬಂತು. ಸುತ್ತಲಿನ ಕುಲದವರೆಲ್ಲ ತಮ್ಮ ಚರಿತ್ರೆಯನ್ನು ಅಚ್ಚು ಹಾಕಿಸುತ್ತಿರುವಾಗ ನಾವು ಮಾತ್ರ ಬಾಯಿಮಾತಲ್ಲಿ ಇರಬೇಕೇ ಎನ್ನುವುದು ಅವರ ಅಳಲು.

"ನಮ್ಮೋರು ಕನ್ನಡ ಸೀಮೆ ಬಿಟ್ಟು ಓಡಿಬಂದ ಕತೆ ನಿಮ್ಮತ್ತೆ ಕಾಳಿಯಮ್ಮಾಳ್ ಬಾಯಲ್ಲೈತೆ. ಆಯಮ್ಮ ಹೋದ್ರೆ ಅದೂ ಹೋಯ್ತು. ನೀವು ಬರೀರಿ ವಾತ್ತಿಯಾರೆ. ದಿಂಡಿಗಲ್‌ನಲ್ಲಿ ಅಚ್ಚು ಹಾಕ್ಸಾವ," ಎಂದರು.

ಕಾಳಿಯಮ್ಮಾಳ್ ಗುರುಸಾಮಿಯ ತಂದೆಯ ಅಕ್ಕ. ಎಪ್ಪತ್ತು ದಾಟಿದ್ದರೂ ಕುಲದ ಪ್ರತಿ ಮದುವೆಯಲ್ಲಿ, ತಾಳಿ ಕಟ್ಟಿದ ಮೇಲೆ, ಊಟಕ್ಕೆ ಮುಂಚೆ, ಆ ಹಾಡನ್ನು ಅವಳೇ ಹಾಡಬೇಕು. ದೊರೆಯ ಕುದುರೆಗಳು ಅಟ್ಟಿಸಿಕೊಂಡು ಬಂದದ್ದು, ತುಂಬಿದ ಹೊಳೆ ಅಡ್ಡ ಬಂದದ್ದು, ಹಿಂದಕ್ಕೂ ಮುಂದಕ್ಕೂ ದಾರಿಯಿಲ್ಲದೆ ಹೆಂಗಸರು ದಡದಲ್ಲಿ ಕುಳಿತು ಅತ್ತದ್ದು. ಆಗ ಬರುತ್ತಾನೆ ಮಾಸಣ್ಣ. ಬಾವಿಯ ನೀರೆತ್ತುವ ಕಪಿಲೆಗೆ ತೊಗಲು ಚೀಲ ಹೊಲಿಯುವವನು. ಇದ್ದ ಚೀಲಗಳಿಗೆಲ್ಲ ಉಸಿರು ತುಂಬಿ, ಬಾಯಿ ಬಿಗಿದು, ಅದರ ಮೇಲೆ ಹೆಂಗಸರನ್ನೂ ಕೂಸುಗಳನ್ನೂ ಕೂರಿಸಿ ದಾಟಿಸುತ್ತಾನೆ. ಕುದುರೆಯವರು ಹಿಂದೆಯೇ ದಾಟದಂತೆ, ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಕಡಿಯಲು ಒಬ್ಬರು ಈಚೆ ದಡದಲ್ಲಿ ಉಳಿಯಬೇಕು. ಅವನೇ ಉಳಿಯುತ್ತಾನೆ, ಅಲ್ಲೇ ಸಾಯುತ್ತಾನೆ.

ಅವನದು ಎಂಟೇ ಸಾಲು. ಆದರೆ ಆ ಎಂಟು ಸಾಲಿನ ಮೇಲೆ ಕುಲದ ಒಂದು ಕಟ್ಟಳೆ ನಿಂತಿತ್ತು. ಮದುವೆಯ ಮೊದಲ ಎಲೆ ಮಾಸಣ್ಣನ ಮನೆಯವರಿಗೆ. ಚಪ್ಪರದ ಬಾಯಲ್ಲಿ ಆ ಎಲೆ ಹಾಸಿ, ಮದುಮಗಳ ತಾಯಿ ತಾನೇ ಬಡಿಸಬೇಕು. ಆ ಎಲೆಯವನು ಒಂದು ತುತ್ತು ಉಂಡ ಮೇಲೆಯೇ ಮಿಕ್ಕವರು ಅನ್ನಕ್ಕೆ ಕೈ ಹಾಕಬೇಕು, ಬೊಮ್ಮಯ್ಯ ಗೌಡರೇ ಆಗಲಿ.

"ಎಲ್ಲಾನೂ ಬರೀತೀಯಾ ಗುರುಸಾಮಿ?" ಎಂದು ಅತ್ತೆ ಕೇಳಿದಳು.

"ಒಂದು ಮಾತೂ ಬಿಡಾಕಿಲ್ಲ ಅತ್ತೆ."

"ಮಾಸಣ್ಣನ್ನ?"

"ಮಾಸಣ್ಣನ್ನೂ ಬಿಡಾಕಿಲ್ಲ," ಎಂದು ಗುರುಸಾಮಿ ಮಾತು ಕೊಟ್ಟ. ಆಗ ಅವನಿಗೆ ಇನ್ನೂ ಉತ್ಸಾಹವಿತ್ತು.

ಅವಳು ಹಾಡಿದ್ದನ್ನು ಅವನು ಬರೆದುಕೊಳ್ಳುವಾಗ ಜಗಲಿಯ ಕೆಳಗೆ ಸಡೆಯನ್ ಬಂದು ಕೂರುತ್ತಿದ್ದ. ಈಗ ಮಾಸಣ್ಣನ ಮನೆಯವನೆಂದರೆ ಅವನೇ. ಎಷ್ಟೋ ತಲೆಮಾರಿನ ಹಿಂದಿನ ಆ ಅಜ್ಜನ ಹೆಸರು ಬಂದಾಗಲೆಲ್ಲ ತಲೆ ತಗ್ಗಿಸಿ ನಗುತ್ತಿದ್ದ. ಎರಡು ಮೂರು ಮದುವೆಗಳಲ್ಲಿ ಅವನಿಗೆ ಎಲೆ ಹಾಸಲು ಯಾಕೋ ತಡವಾಗಿತ್ತು. ಒಂದು ಮನೆಯವರಂತೂ ಅಕ್ಕಿ ಕಟ್ಟಿಕೊಟ್ಟು ಮನೆಗೇ ಹೋಗಿ ಬೇಯಿಸಿಕೋ ಎಂದಿದ್ದರು.

"ಪುತ್ತಕಕ್ಕೆ ಏರಿಬಿಟ್ರೆ ಆಮೇಲೆ ಯಾರೂ ಇಲ್ಲ ಅನ್ನಕಾಗಲ್ಲ, ಅಲ್ವಾ ಸಾಮಿ?" ಎಂದು ಸಡೆಯನ್ ಕೇಳಿದ.

ಆಗಲ್ಲ ಎಂದು ಗುರುಸಾಮಿ ಹೇಳಿದ್ದ. ಪಾಪ, ಅವನೂ ಹಾಗೆಯೇ ನಂಬಿದ್ದ.

ಬರೆದು ಮುಗಿಸಿದ ಮೇಲೆ ಗೌಡರ ಹಜಾರದಲ್ಲಿ ಓದಿಸಿದರು. ಮೊದಲ ಸಲ ಗೌಡರಿಗೆ ತೊಡಕಾದದ್ದು ತೊಗಲು. ನಮ್ಮ ಹೆಣ್ಣುಮಕ್ಕಳು ದನದ ತೊಗಲಿನ ಮೇಲೆ ಕೂತರು ಎಂದು ಓದಿದವರು ಏನೆಂದುಕೊಂಡಾರು? ಬಿದಿರ ತೆಪ್ಪ ಮಾಡಿ ಎಂದರು. ಗುರುಸಾಮಿ ಒಂದು ಮಧ್ಯಾಹ್ನವಿಡೀ ವಾದಿಸಿದ. ಕೊನೆಗೆ, ಹೋಗಲಿ, ಮನುಷ್ಯನಾದರೂ ಉಳಿದನಲ್ಲ ಎಂದು ತೊಗಲನ್ನು ಬಿಟ್ಟುಕೊಟ್ಟ. ಎರಡನೆಯ ಸಲ ಗಂಜಿ. ದಾಟುವ ಮುಂಚೆ ಮಾಸಣ್ಣನ ಮಡಕೆಯಿಂದ ಕೂಸುಗಳಿಗೆ ಗಂಜಿ ಕುಡಿಸಿದ ಮಾತು ಹೋಯಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಬಿಟ್ಟುಕೊಡುವುದು ಅಭ್ಯಾಸವಾದರೆ ಹೊತ್ತು ಬಹಳ ಉಳಿಯುತ್ತದೆ.

ಆಮೇಲೆ ಪೆರಿಯಕುಳಂ, ವತ್ತಲಗುಂಡು ದಾಟಿ ಎತ್ತಿನ ಗಾಡಿಯಲ್ಲಿ ದಿಂಡಿಗಲ್. ಅಲ್ಲಿ ಅಚ್ಚುಕೂಟದ ಯಜಮಾನನಿಗೆ ಬೇರೆಯದೇ ಭಯ. ಅಚ್ಚಾದ ಪ್ರತಿಯೊಂದು ಪುಸ್ತಕವನ್ನೂ ಸರ್ಕಾರಕ್ಕೆ ಕಳಿಸಬೇಕು, ಅಲ್ಲಿ ಒಬ್ಬ ಕೂತು ಓದುತ್ತಾನೆ, ಇದರಲ್ಲಿ ದೊರೆಯನ್ನು ಬೈದಿದೆ ಎಂದ. ಆ ದೊರೆ ಸತ್ತು ಮುನ್ನೂರು ವರ್ಷವಾಯಿತು ಸ್ವಾಮಿ ಎಂದು ಗುರುಸಾಮಿ ಹೇಳಿದರೆ, ಅದು ಓದುವವನಿಗೆ ಗೊತ್ತಿರಬೇಕಲ್ಲ ಎಂದ. ದೊರೆ ಹೋಗಿ ಕಳ್ಳರು ಬಂದರು. ತಮ್ಮ ಹಿರಿಯರು ಕಳ್ಳರಿಗೆ ಹೆದರಿ ಒಂದು ಸೀಮೆಯನ್ನೇ ಬಿಟ್ಟು ಓಡಿಬಂದರೆಂದು ಬರೆಯುವಾಗ ಗುರುಸಾಮಿಗೆ ನಗುವೂ ಬರಲಿಲ್ಲ.

ಊರಿಗೆ ಮರಳಿದಾಗ ಗೌಡರ ಮೊಮ್ಮಗಳಿಗೆ ಬೋಡಿ ಊರಿನ ಕಡೆಯ ದೊಡ್ಡ ಮನೆಯ ಸಂಬಂಧ ಕೂಡಿಬಂದಿತ್ತು. ಗೌಡರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಅಡಿಕೆ ಕೊಟ್ಟರು. ಆ ಮರ್ಯಾದೆ ನೋಡಿದಾಗಲೇ ಇನ್ನೇನನ್ನೋ ಬಿಟ್ಟುಕೊಡಬೇಕಾಗಿದೆ ಎಂದು ಗುರುಸಾಮಿಗೆ ಗೊತ್ತಾಯಿತು.

"ಆ ಎಂಟು ಸಾಲು ತೆಗೆದುಬಿಡಿ ವಾತ್ತಿಯಾರೆ. ನಮ್ಮ ಕುಲದೇವತೆ ಅಮ್ಮನೇ ಹೊಳೆ ಸೀಳಿ ದಾರಿ ಬಿಟ್ಲು ಅಂತ ಬರೀರಿ. ಬೀಗರು ಓದಾರು."

"ಮತ್ತೆ ಸಡೆಯನ ಎಲೆ?"

"ಅದನ್ನ ನಾನ್ಯಾಕೆ ನಿಲ್ಲಿಸಲಿ? ಎಲೆ ಬೇರೆ, ಪುತ್ತಕ ಬೇರೆ."

ಗುರುಸಾಮಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನೋಡೋಣ ಎಂದು ಎದ್ದುಬಂದ.

ಮತ್ತೆ ದಿಂಡಿಗಲ್. ಅಚ್ಚಿನ ಮೊಳೆ ಜೋಡಿಸಿ ಮುಗಿದಿತ್ತು. ತಿದ್ದಲೆಂದು ಕೊಟ್ಟ ಒದ್ದೆ ಹಾಳೆಯಲ್ಲಿ ಮಾಸಣ್ಣ ಇದ್ದ, ಎಂಟೂ ಸಾಲು ಕಪ್ಪಗೆ ಇತ್ತು. ತೊಗಲಿಲ್ಲ, ಮಡಕೆಯಿಲ್ಲ, ಆದರೂ ಹೆಸರಿತ್ತು, ಸಾವಿತ್ತು. ಸುಮ್ಮನೆ ಹಾಳೆಯನ್ನು ವಾಪಸು ಕೊಟ್ಟಿದ್ದರೆ ಸಾಕಿತ್ತು. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ.

ಅವನು ಮುಂದಿನದನ್ನು ಯೋಚಿಸಿದ. ಗೌಡರು ಸಿಟ್ಟಾಗುವುದು, ಇನ್ನೂರು ಪ್ರತಿಯನ್ನೂ ಮೂಲೆಗೆ ಎಸೆಯುವುದು, ಮತ್ತೆ ಹಜಾರ, ಮತ್ತೆ ಓದು, ಮತ್ತೆ ವಾದ, ಮತ್ತೆ ಮೂರು ದಿನ ಗಾಡಿಯಲ್ಲಿ ಸೊಂಟ ಮುರಿದುಕೊಳ್ಳುವುದು. ಹೆದರಿಕೆಯೇನೂ ಅವನಿಗಿರಲಿಲ್ಲ. ಹೆದರಿದ್ದರೆ ಆಮೇಲೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ದಣಿವಾಗಿತ್ತು, ಅಷ್ಟೇ. ಮೊಳೆ ಜೋಡಿಸುವವನು, ಎಲ್ಲ ಸರಿಯಿದೆಯಾ ಎಂದು ಕೇಳಿದ. ಗುರುಸಾಮಿ ಲೇಖನಿ ತೆಗೆದುಕೊಂಡು ಎಂಟು ಸಾಲಿನ ಮೇಲೆ ಅಡ್ಡ ಗೆರೆ ಎಳೆದ. ಅಲ್ಲೇ ನಿಂತು, ಅಮ್ಮ ಹೊಳೆ ಸೀಳಿದ ಎರಡು ಸಾಲನ್ನು ಬರೆದುಕೊಟ್ಟ. ಮೊಳೆಯವನು ಮಾಸಣ್ಣನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಅವುಗಳ ಗೂಡಿಗೆ ಹಾಕುತ್ತಾ ಬಂದ. ಮುಗಿಯುವಷ್ಟರಲ್ಲಿ ಗುರುಸಾಮಿ ಬೆಂಚಿನ ಮೇಲೆ ಕುಳಿತೇ ನಿದ್ದೆಹೋಗಿದ್ದ.

ಮದುವೆ ವೈಕಾಸಿ ತಿಂಗಳ ಬೇಸಿಗೆಯಲ್ಲಿ ಆಯಿತು. ಮುನ್ನೂರು ಜನ, ಬೋಡಿಯ ಬೀಗರು, ಹತ್ತು ಗಂಟೆಗೇ ಸುಡುವ ಬಿಸಿಲು. ತಾಳಿ ಕಟ್ಟಿದ ಮೇಲೆ ಕಾಳಿಯಮ್ಮಾಳ್ ಹಾಡಿಗೆ ಕುಳಿತಳು. ದೊರೆಯ ಕುದುರೆಗಳನ್ನು ಓಡಿಸಿ, ಹೊಳೆಯ ದಡಕ್ಕೆ ಬರುತ್ತಿದ್ದಂತೆ ಗೌಡರು ಕೈಯೆತ್ತಿದರು.

"ಸಾಕಮ್ಮಾ. ಇನ್ನು ಮೇಲೆ ಪುತ್ತಕದಲ್ಲಿ ಇರೋ ಹಂಗೆ."

"ಪುತ್ತಕದಲ್ಲಿ ಇರೋದೂ ಇದೇ ಅಲ್ವಾ," ಎಂದಳು ಮುದುಕಿ. "ನನ್ ಬಾಯಿಂದ ಕೇಳಿ ಬರ್ದಿರೋನು ಇಲ್ಲೇ ಅವ್ನೆ. ಗುರುಸಾಮಿ, ಓದಪ್ಪಾ. ಎಲ್ರೂ ಕೇಳ್ಲಿ."

ಚಪ್ಪರದ ಬಾಯಲ್ಲಿ ಸಡೆಯನ್ ತೊಳೆದ ಪಂಚೆ ಉಟ್ಟು ನಿಂತಿದ್ದ. ಓದಿ ಸಾಮಿ ಎನ್ನುವಂತೆ ತಲೆಯಾಡಿಸಿದ.

ಗುರುಸಾಮಿ ಪುಸ್ತಕ ತೆರೆದ. ಆ ಎಂಟು ಸಾಲು ಅವನಿಗೆ ಬಾಯಿಪಾಠವಾಗಿತ್ತು. ಹಾಳೆಯಲ್ಲಿ ಇಲ್ಲದಿದ್ದರೇನು, ಇದ್ದಂತೆ ಓದಿಬಿಟ್ಟರೆ ಹಿಡಿಯುವವರು ಯಾರು? ಆ ಚಪ್ಪರದಲ್ಲಿ ಓದು ಬಲ್ಲವರು ಇಬ್ಬರೋ ಮೂವರೋ, ಅವರೂ ದೂರದಲ್ಲಿದ್ದರು. ಬಾಯಿ ತೆರೆದಾಗ ಅವನು ಅದನ್ನೇ ಓದುವವನಿದ್ದ. ಆಮೇಲೆ ಗೌಡರ ಮುಖ ಕಂಡಿತು, ನಾಳೆಯ ಹಜಾರ ಕಂಡಿತು. ಹಾಳೆಯಲ್ಲಿದ್ದುದನ್ನೇ ಓದಿದ. ಅಮ್ಮ ಶೂಲ ಬೀಸಿದಳು, ಹೊಳೆ ಸೀಳಿತು, ಕುಲ ಒದ್ದೆಯಾಗದೆ ದಾಟಿತು. ಬೀಗರು ಕೈಮುಗಿದರು.

ಕಾಳಿಯಮ್ಮಾಳ್ ಕಾಲು ಮಡಿಸಿ, ಸೆರಗು ಹೊದ್ದು, ಹಾಡು ಮುಗಿದವರ ಹಾಗೆ ಕುಳಿತಳು. ಮಾತಾಡಿದವನು ಸಡೆಯನ್. ಅವನ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿ ತಿಳಿಯದೆ ಕೇಳುವವನಂತೆ ಕೇಳಿದ.

"ಅಮ್ಮನೇ ದಾರಿ ಬಿಟ್ಟಿದ್ರೆ ನಮ್ಮಜ್ಜ ದಡದಲ್ಲಿ ಯಾಕೆ ಸತ್ತ ಸಾಮಿ?"

ಗೊತ್ತಿಲ್ಲ ಎಂದು ಗುರುಸಾಮಿ ಹೇಳಿದ. ಅತ್ತೆಯನ್ನು ಬಿಟ್ಟರೆ ಅದು ಅವನಷ್ಟು ಚೆನ್ನಾಗಿ ಗೊತ್ತಿದ್ದವರು ಆ ಚಪ್ಪರದಲ್ಲಿ ಯಾರೂ ಇರಲಿಲ್ಲ.

"ಪುತ್ತಕದಲ್ಲಿ ಇಲ್ಲದ್ದಕ್ಕೆ ಎಲೆ ಹಾಸಾಕಾಗಲ್ಲ ಸಡೆಯಾ. ಹಿಂದ್ಗಡೆ ಬಾ, ಅಕ್ಕಿ ಕೊಡ್ತಾರೆ," ಎಂದರು ಗೌಡರು. ಬೀಗರ ಮುಂದೆ ಸಾಧ್ಯವಾದಷ್ಟು ಮೆತ್ತಗೇ ಹೇಳಿದರು. ಸಡೆಯನ್ ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಹೆಗಲ ಮೇಲಿನ ಬಟ್ಟೆಯನ್ನು ಒಮ್ಮೆ ಒದರಿ, ಬಿಸಿಲಲ್ಲಿ ಬೀದಿ ಹಿಡಿದು ನಡೆದ.

ಎಲೆಗಳನ್ನು ಹಾಸಿದರು, ಅನ್ನ ಬಂತು, ಆದರೆ ಯಾರೂ ಕೈ ಹಾಕಲಿಲ್ಲ. ಹಳೆಯ ಕಟ್ಟಳೆ ಕೈಗಳಿಗೆ ನೆನಪಿತ್ತು. ಮೊದಲ ಎಲೆಯವನು ಉಣ್ಣದೆ ಹೇಗೆ ಉಣ್ಣುವುದೆಂದು ಮುನ್ನೂರು ಜನ ಮುಖ ಮುಖ ನೋಡಿಕೊಂಡರು. ಬೊಮ್ಮಯ್ಯ ಗೌಡರು ಒಂದು ಕ್ಷಣ ತಡವರಿಸಿ, ಗುರುಸಾಮಿಯ ರಟ್ಟೆ ಹಿಡಿದರು.

"ನಮ್ಮ ಕುಲದ ಕತೆ ಉಳಿಸಿದೋರು ಇವರು. ಇವತ್ತಿಂದ ಮೊದಲೆಲೆ ವಾತ್ತಿಯಾರ್ದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಚಪ್ಪರದ ಬಾಯಲ್ಲಿ ಒಂದು ಎಲೆ ಹಾಸಿಸಿ ಅದರ ಮುಂದೆ ಅವನನ್ನು ಕೂರಿಸಿದರು.

ಬೇಡ ಎನ್ನಬಹುದಿತ್ತು. ಎದ್ದು ಸಡೆಯನನ್ನು ಕೂಗಲೂಬಹುದಿತ್ತು, ಅವನಿನ್ನೂ ಬೀದಿಯ ತಿರುವು ದಾಟಿರಲಿಲ್ಲ. ಮದುಮಗಳ ತಾಯಿ ಗೋವಿಂದಮ್ಮಾಳ್ ಸೌಟು ಹಿಡಿದು ಬಂದು, ಒಮ್ಮೆ ಬೀದಿಯ ಕಡೆ ನೋಡಿ ಬಡಿಸಿದಳು. ಮಕ್ಕಳು ಹಸಿದಿದ್ದರು. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು, ಅತ್ತೆಯೂ ನೋಡುತ್ತಿದ್ದಳು. ಗುರುಸಾಮಿ ಅನ್ನ ಕಲಸಿ ಒಂದು ತುತ್ತು ಬಾಯಿಗೆ ಹಾಕಿಕೊಂಡ. ಆಮೇಲೆ ಮುನ್ನೂರು ಜನ ಊಟಕ್ಕೆ ಕೈ ಹಾಕಿದರು.